ದೂರು ಪುಸ್ತಕದ ಮೊದಲ ಪುಟ

ನಮ್ಮ ಶಾಲೆಯ ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಇನ್ನೂರು ಪುಟದ ಒಂದು ಉದ್ದನೆಯ ನೋಟ್‌ಬುಕ್ ಇದೆ. ರಟ್ಟಿನ ಮೇಲೆ ‘ದೂರು ಪುಸ್ತಕ’ ಎಂದು ನಾನೇ ಬರೆದಿದ್ದೇನೆ. ಅದರ ಮೊದಲ ಪುಟದಲ್ಲಿರುವ ದೂರು ನನ್ನ ಮೇಲಿನದು. ಅದನ್ನು ಬರೆದುಕೊಂಡವಳೂ ನಾನೇ.

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಉಪ ಮುಖ್ಯೋಪಾಧ್ಯಾಯಿನಿ ನಾನು. ಪಾಠ ಸಮಾಜ ವಿಜ್ಞಾನ. ಟೈಮ್‌ಟೇಬಲ್ ಹಾಕುವುದು, ರಜೆ ಹಾಕಿದವರ ಕ್ಲಾಸಿಗೆ ಬೇರೆಯವರನ್ನು ಕಳಿಸುವುದು, ಶಿಕ್ಷಕರ ತಾಪತ್ರಯ ಕೇಳುವುದು ಎಲ್ಲ ನನ್ನ ಪಾಲಿಗೆ. ಇಲ್ಲಿ ಬರುವ ಯಾರ ಹೆಸರನ್ನೂ ಬರೆಯುವುದಿಲ್ಲ. ಗಣಿತದ ಮೇಡಂ ಒಪ್ಪಿಗೆ ಕೊಟ್ಟಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡ ಎಂದ ಎರಡು ಸಂಗತಿಗಳನ್ನು ತೆಗೆದಿದ್ದೇನೆ.

ಅವರು 2019ರ ಜೂನ್‌ನಲ್ಲಿ ಗಣಿತದ ಮೇಷ್ಟ್ರಾಗಿ ನಮ್ಮಲ್ಲಿಗೆ ಬಂದರು. ಎಂಟರಿಂದ ಹತ್ತನೆಯ ತರಗತಿವರೆಗೆ ಅವರದೇ ಗಣಿತ. ಲೆಕ್ಕ ಅಂದರೆ ಹೊಟ್ಟೆನೋವು ಬರುವ ಮಕ್ಕಳನ್ನೂ ಬೋರ್ಡಿನ ಮುಂದೆ ನಿಲ್ಲಿಸಿ, ತಪ್ಪಿದರೂ ಬೈಯದೆ, ಎಲ್ಲಿ ತಪ್ಪಿದೆ ಎಂದು ಆ ಮಕ್ಕಳಿಂದಲೇ ಹೇಳಿಸುತ್ತಿದ್ದರು. 2022ರ ಸೆಪ್ಟೆಂಬರ್‌ನಲ್ಲಿ ಒಂದು ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ನನ್ನ ಟೇಬಲ್ಲಿನ ಎದುರು ಬಂದು ಕೂತರು. ಚಿಕ್ಕಂದಿನಿಂದಲೂ ತಾನು ಹೆಣ್ಣೆಂದೇ ತನಗೆ ಗೊತ್ತು, ಮನೆಯಲ್ಲಿ ತಾಯಿಗೆ ಹೇಳಿ ಆಗಿದೆ, ದಸರಾ ರಜೆ ಮುಗಿಸಿ ಸೀರೆ ಉಟ್ಟು ಬರುತ್ತೇನೆ ಎಂದರು. ಹೊಸ ಹೆಸರನ್ನೂ ಹೇಳಿದರು. ಹೇಳುವಾಗ ಕೈ ನಡುಗುತ್ತಿತ್ತು.

ನಾನು “ಬನ್ನಿ, ನಾನಿದ್ದೀನಿ” ಅಂದೆ. ಮನಸ್ಸಿನಿಂದಲೇ ಅಂದೆ. ಆದರೆ ಇರುವುದು ಎಂದರೆ ಏನೇನು ಮಾಡಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಮಾಡಲೂ ಇಲ್ಲ.

ರಜೆ ಮುಗಿದ ಮೇಲೆ ಮಕ್ಕಳು ಒಂದು ವಾರ ಪಿಸುಗುಟ್ಟಿದರು, ಎರಡನೆಯ ವಾರಕ್ಕೆ ‘ಸಾರ್’ ಹೋಗಿ ‘ಮಿಸ್’ ಆಯಿತು. ಅಷ್ಟೇ. ಮಕ್ಕಳ ವಿಷಯದಲ್ಲಿ ಒಂದೇ ಒಂದು ಪ್ರಕರಣ ಆಯಿತು, ಒಂಬತ್ತನೆಯ ತರಗತಿಯ ಬೋರ್ಡಿನ ಮೇಲೆ ಯಾರೋ ದೊಡ್ಡದಾಗಿ 9 ಎಂದು ಬರೆದು ಸುತ್ತ ಹೂವು ಬಿಡಿಸಿದ್ದರು. ಆ ಅಂಕಿಯನ್ನು ಬೈಗುಳವಾಗಿ ಬಳಸುತ್ತಾರೆ ಎಂದು ಮಕ್ಕಳಿಗೆ ಹೇಳಿಕೊಟ್ಟವರು ದೊಡ್ಡವರೇ. ಬರೆದ ಹುಡುಗ ಮರುದಿನ ತಾನೇ ಬಂದು ಒಪ್ಪಿಕೊಂಡ.

ಸ್ಟಾಫ್ ರೂಮು ಹಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹಳೆಯ ಹೆಸರೇ ಇತ್ತು, ಗುಮಾಸ್ತರು ದಿನಾ ಅದನ್ನು ಗಟ್ಟಿಯಾಗಿ ಕೂಗಿ ಸಹಿಗೆ ಕರೆಯುತ್ತಿದ್ದರು. ಪಿ.ಟಿ. ಮಾಸ್ಟರು “ಇವತ್ತು ಸಾರ್ ಅನ್ನಬೇಕಾ, ಮೇಡಂ ಅನ್ನಬೇಕಾ?” ಎಂದು ಕೇಳಿ ನಗುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರ ಎಡಬಲದ ಕುರ್ಚಿಗಳು ಖಾಲಿ. ಮಹಿಳಾ ಶಿಕ್ಷಕರ ಶೌಚಾಲಯಕ್ಕೆ ಒಂದು ದಿನ ಬೀಗ ಬಂತು, ಬೀಗದ ಕೈ ನಾಲ್ಕೈದು ಜನರ ಬ್ಯಾಗಿನಲ್ಲಿ ಮಾತ್ರ. ಅವರು ನನ್ನ ಹತ್ತಿರ ಬಂದಾಗ ನಾನೊಂದು ಉಪಾಯ ಮಾಡಿದೆ. ನೆಲಮಹಡಿಯಲ್ಲಿ ಆಫೀಸಿನ ಪಕ್ಕ ಅಂಗವಿಕಲರಿಗೆಂದು ಕಟ್ಟಿಸಿದ ಶೌಚಾಲಯವಿದೆ, ಅದನ್ನು ಬಳಸಿಕೊಳ್ಳಿ ಎಂದೆ. “ಸದ್ಯಕ್ಕೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಎಲ್ಲ ಸರಿಹೋಗತ್ತೆ.”

ಅದರ ಬೀಗದ ಕೈ ಇದ್ದದ್ದು ಗುಮಾಸ್ತರ ಡ್ರಾಯರಿನಲ್ಲಿ. ಅಂದರೆ ಪ್ರತಿ ಸಲವೂ ಎರಡು ಮಹಡಿ ಇಳಿದು, ಬೆಳಿಗ್ಗೆ ಹಳೆಯ ಹೆಸರು ಕೂಗುವ ಅದೇ ಮನುಷ್ಯನ ಮುಂದೆ ನಿಂತು ಕೈ ಚಾಚಬೇಕು. ಅವರು ಮತ್ತೆ ನನ್ನ ಹತ್ತಿರ ಬರಲಿಲ್ಲ. ನೀರು ಕುಡಿಯುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವರು ಸಂಜೆ ಐದಕ್ಕೆ ಮನೆ ಸೇರುವ ತನಕ ಒಂದು ಗುಟುಕೂ ಇಲ್ಲ. 2023ರ ಜನವರಿಯಲ್ಲಿ ಮೂತ್ರದ ಸೋಂಕು ಜೋರಾಗಿ, ಜ್ವರ ಏರಿ, ಆಸ್ಪತ್ರೆಗೆ ಸೇರಿದರು. ನೋಡಲು ಹೋದ ನನಗೆ ಅವರ ತಾಯಿ ಕಾರಣ ಹೇಳಿದರು. ದೂರುವ ದನಿಯೂ ಇರಲಿಲ್ಲ ಅದರಲ್ಲಿ. “ನೀರು ಕುಡಿ ಅಂದ್ರೆ ಸ್ಕೂಲಲ್ಲಿ ಆಗಲ್ಲಮ್ಮಾ ಅಂತಾಳೆ ಮೇಡಂ. ನೀವಾದ್ರೂ ಹೇಳಿ.”

ಆ ರಾತ್ರಿ ಕೂತು 2019ರ ಕಾಯ್ದೆಯನ್ನು ಮೊದಲ ಸಲ ಪೂರ್ತಿ ಓದಿದೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ ಆ ಕಾಯ್ದೆ 2020ರ ಜನವರಿ 10ರಂದೇ ಜಾರಿಗೆ ಬಂದಿತ್ತು, ಅದೇ ಸೆಪ್ಟೆಂಬರ್‌ನಲ್ಲಿ ನಿಯಮಗಳೂ ಬಂದಿದ್ದವು. ಉದ್ಯೋಗದಲ್ಲಿ ಯಾವ ಸಂಸ್ಥೆಯೂ ಭೇದ ಮಾಡಕೂಡದು ಎನ್ನುತ್ತದೆ 9ನೆಯ ಸೆಕ್ಷನ್. ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ 11ನೆಯದು. ನಿಯಮಗಳ ಪ್ರಕಾರ ಈ ನೇಮಕ 30 ದಿನದೊಳಗೆ ಆಗಬೇಕಿತ್ತು. ಸಮಾನ ಅವಕಾಶದ ನೀತಿಯೊಂದನ್ನು ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕಿತ್ತು, ಶೌಚಾಲಯ, ಸುರಕ್ಷತೆ, ಗುರುತಿನ ಗೋಪ್ಯತೆ ಎಲ್ಲವನ್ನೂ ಅದರಲ್ಲಿ ಹೇಳಬೇಕಿತ್ತು. ನಮ್ಮಲ್ಲಿ ಇದ್ಯಾವುದೂ ಇರಲಿಲ್ಲ. ಮೂಲಭೂತ ಹಕ್ಕುಗಳ ಪಾಠ ಪ್ರತಿವರ್ಷ ಮಾಡುವವಳು ನಾನು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಸಂವಿಧಾನದ 14, 15, 16, 19 ಮತ್ತು 21ನೆಯ ವಿಧಿಗಳು ಇವರಿಗೂ ಸೇರಿದ್ದು, ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಅವರದೇ ಎಂದು ತೀರ್ಪು ಕೊಟ್ಟದ್ದೂ ಗೊತ್ತಿತ್ತು. ಅದನ್ನು ಪರೀಕ್ಷೆಯ ಪ್ರಶ್ನೆಯಾಗಿ ತಿಳಿದಿದ್ದೆ, ಸ್ಟಾಫ್ ರೂಮಿನವರೆಗೆ ತಂದಿರಲಿಲ್ಲ.

ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಬಳಿ ಹೋದೆ. ಕೆಟ್ಟವರಲ್ಲ ಅವರು. ಸಾಲ ಮಾಡಿ ಶಾಲೆ ಕಟ್ಟಿದ ಮನುಷ್ಯ, ಅಡ್ಮಿಷನ್ ಬಿದ್ದರೆ ಎಂಬುದೇ ಭಯ. “ಅದೆಲ್ಲ ಸರ್ಕಾರಿ ನೌಕರರಿಗೆ ಅಲ್ವೇನಮ್ಮಾ? ಒಂದು ಪರ್ಸೆಂಟ್ ಮೀಸಲಾತಿ ಕೊಟ್ಟಿದ್ದಾರಲ್ಲ?” ಎಂದರು. ಮೀಸಲಾತಿ ಬೇರೆ, ಈ ಕಾಯ್ದೆ ಬೇರೆ ಎಂದು ವಿವರಿಸಿದೆ. ಪೊಲೀಸ್ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಜಾಗವಿಲ್ಲವೆಂದು, ಅವರ ಪರವಾಗಿ ಕೆಲಸ ಮಾಡುವ ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋದ ಮೇಲೆ, 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿ ನಿಯಮ ತಿದ್ದಿ ಶೇ 1ರಷ್ಟು ಸ್ಥಾನ ಮೀಸಲಿಟ್ಟಿತು. ಅದು ಸರ್ಕಾರಿ ಕೆಲಸಕ್ಕೆ. 2022ರಲ್ಲಿ 15,000 ಶಿಕ್ಷಕರ ನೇಮಕಾತಿ ನಡೆದಾಗ ಆ ಮೀಸಲಾತಿಯಲ್ಲಿ ಆಯ್ಕೆಯಾದವರೂ ಇದ್ದರು. ಕಾಯ್ದೆ ಮಾತ್ರ ಖಾಸಗಿ ಸಂಸ್ಥೆಯನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ಕೊನೆಗೆ 18ನೆಯ ಸೆಕ್ಷನ್ ಓದಿದೆ. ಇವರ ದೇಹಕ್ಕಾಗಲಿ ಮನಸ್ಸಿಗಾಗಲಿ ಹಾನಿ ಮಾಡುವುದು, ಮಾತಿನಿಂದ ಹಿಂಸಿಸುವುದು ಅಪರಾಧ, ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. “ಬರ್ಕೊಂಡು ಬನ್ನಿ, ಸಹಿ ಹಾಕ್ತೀನಿ.”

ಆದೇಶದಲ್ಲಿ ದೂರು ಅಧಿಕಾರಿಯ ಜಾಗಕ್ಕೆ ನನ್ನ ಹೆಸರು ಬಂತು. ಅದನ್ನು ಹಿಡಿದು ಗಣಿತದ ಮೇಡಂ ಮನೆಗೆ ಹೋದೆ. ನೀವು ಒಪ್ಪಿದರೆ ಮಾತ್ರ ಇದು ನೋಟಿಸ್ ಬೋರ್ಡಿಗೆ ಹೋಗುತ್ತದೆ ಎಂದೆ. ಅವರು ಓದಿದರು. ಆಮೇಲೆ ಕೇಳಿದರು, “ಮೊದಲನೇ ದೂರು ನಿಮ್ಮ ಮೇಲೆ ಕೊಟ್ರೆ ತಗೋತೀರಾ ಮೇಡಂ?”

ತೆಗೆದುಕೊಂಡೆ. ದಿನಾಂಕ, ಅಡ್ಜಸ್ಟ್ ಮಾಡ್ಕೊಳ್ಳಿ ಎಂದು ನಾನು ಆಡಿದ ಮಾತು ಅಕ್ಷರಶಃ, ಬೀಗದ ಕೈ ಗುಮಾಸ್ತರ ಬಳಿ ಇಡಿಸಿದ್ದು, ಅದರಿಂದ ಆದದ್ದು. ನನ್ನ ಮೇಲಿನ ದೂರನ್ನು ನಾನೇ ವಿಚಾರಿಸುವುದು ಸಲ್ಲದು ಎಂದು ಕಾರ್ಯದರ್ಶಿಗಳಿಗೆ ಕಳಿಸಿದೆ. ಅವರು ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಆ ಪತ್ರವೂ ಪುಸ್ತಕದಲ್ಲೇ ಇದೆ. ಇದರಿಂದ ಒಂದು ವಿಷಯ ಕಲಿತು ಆದೇಶಕ್ಕೆ ಸೇರಿಸಿದೆವು. ದೂರು ಅಧಿಕಾರಿಯ ಮೇಲೆಯೇ ದೂರಿದ್ದರೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಬರೆದಿರಬೇಕು.

ಆಮೇಲಿನ ಕೆಲಸಗಳಲ್ಲಿ ಹೆಸರಿನದೇ ದೊಡ್ಡದು. ನಾನು ಎರಡು ಪಟ್ಟಿ ಮಾಡಿದೆ. ಒಂದು, ನಮ್ಮ ಕೈಯಲ್ಲೇ ಇರುವ ಪುಸ್ತಕಗಳು: ಹಾಜರಿ, ಟೈಮ್‌ಟೇಬಲ್, ಐಡಿ ಕಾರ್ಡು, ಬಾಗಿಲ ಮೇಲಿನ ಬೋರ್ಡು, ಮಕ್ಕಳ ಡೈರಿಯಲ್ಲಿ ಅಚ್ಚಾಗುವ ಶಿಕ್ಷಕರ ಪಟ್ಟಿ. ಇವುಗಳಿಗೆ ಯಾರ ಸರ್ಟಿಫಿಕೇಟೂ ಬೇಡ. ಒಂದೇ ಸೋಮವಾರ ಎಲ್ಲವನ್ನೂ ಬದಲಿಸಿದೆವು. ಹಾಜರಿ ಪುಸ್ತಕದಲ್ಲಿ ಹಳೆಯದನ್ನು ಹೊಡೆದು ಹೊಸದನ್ನು ಬರೆದಿದ್ದರೆ ಆ ಗೆರೆಯೇ ದಿನಾ ನೆನಪಿಸುತ್ತಿತ್ತು. ಅದಕ್ಕೇ ಹೊಸ ಪುಸ್ತಕ ತರಿಸಿ ಎಲ್ಲರ ಹೆಸರನ್ನೂ ಹೊಸದಾಗಿ ಬರೆಸಿದೆ. ಎರಡು, ಸರ್ಕಾರದ ಮತ್ತು ಬ್ಯಾಂಕಿನ ಕೈಯಲ್ಲಿರುವವು: ಆಧಾರ್, ಪ್ಯಾನ್, ಸಂಬಳದ ಖಾತೆ, ಪಿಎಫ್, ಬಿ.ಎಡ್ ಮಾರ್ಕ್ಸ್ ಕಾರ್ಡು. ಇವಕ್ಕೆ ಜಿಲ್ಲಾಧಿಕಾರಿಗಳ ಗುರುತಿನ ಪ್ರಮಾಣಪತ್ರ ಬೇಕಿತ್ತು. ಆಗಿನ ನಿಯಮದಂತೆ ಪೋರ್ಟಲ್‌ನಲ್ಲಿ ಅರ್ಜಿ, ಜೊತೆಗೆ ಅಫಿಡವಿಟ್, ವೈದ್ಯಕೀಯ ಪರೀಕ್ಷೆ ಇಲ್ಲ, ಪ್ರಮಾಣಪತ್ರಕ್ಕೆ 30 ದಿನ. ವಿಚಾರಿಸಲು ಕೆ.ಜಿ. ರಸ್ತೆಯ ಕಂದಾಯ ಭವನಕ್ಕೆ ಅವರು ಹೋದಾಗಲೆಲ್ಲ ರಜೆ ಕತ್ತರಿಸಲಿಲ್ಲ, ಡ್ಯೂಟಿ ಎಂದೇ ಬರೆದೆ. ಎರಡನೆಯ ಪಟ್ಟಿ ಮುಗಿಯಲಿ, ಆಮೇಲೆ ಮೊದಲನೆಯದನ್ನು ನೋಡೋಣ ಎಂದಿದ್ದರೆ ತಿಂಗಳುಗಟ್ಟಲೆ ಹಳೆಯ ಹೆಸರನ್ನೇ ಕೂಗುತ್ತಿದ್ದರು.

ಶೌಚಾಲಯದ ಬೀಗಗಳನ್ನೆಲ್ಲ ತೆಗೆಸಿದೆ. ಒಳಗಿನ ಚಿಲಕಗಳನ್ನು ಸರಿಮಾಡಿಸಿದೆ. ಮೂವರು ಶಿಕ್ಷಕಿಯರು ಬಂದು ತಮಗೆ ಮುಜುಗರ ಎಂದರು. ಕೂರಿಸಿ ಕೇಳಿದೆ. ಒಬ್ಬರ ಮುಜುಗರ ನಿಜವಾಗಿ ಮುರಿದ ಚಿಲಕದ್ದು, ಅದು ಎಷ್ಟೋ ವರ್ಷದಿಂದ ಹಾಗೇ ಇತ್ತಂತೆ. ಇನ್ನಿಬ್ಬರಿಗೆ ನೆಲಮಹಡಿಯ ಶೌಚಾಲಯ ಯಾವಾಗಲೂ ತೆರೆದಿದೆ, ಬೇಕೆನಿಸಿದವರು ಹೋಗಬಹುದು ಎಂದೆ. ಇಳಿದು ಹೋಗುವ ಕೆಲಸ ಅವರ ಪಾಲಿಗೆ ಬಂದ ಮೇಲೆ ಎರಡೇ ವಾರದಲ್ಲಿ ಆ ಮಾತು ನಿಂತಿತು.

2023ರ ಜುಲೈನಲ್ಲಿ ದೊಡ್ಡ ಪ್ರಕರಣ ಆಯಿತು. ಸ್ಟಾಫಿನ ವಾಟ್ಸ್ಆ್ಯಪ್ ಗುಂಪಿಗೆ ಪಿ.ಟಿ. ಮಾಸ್ಟರು ಮೇಡಂ ಅವರ ಹಳೆಯ ಫೋಟೋ ಒಂದನ್ನೂ ಈಗಿನದನ್ನೂ ಪಕ್ಕಪಕ್ಕ ಜೋಡಿಸಿ ಹಾಕಿದರು. ಕೆಳಗೆ ಒಂದು ಹೊಲಸು ಮಾತು. ಹನ್ನೊಂದು ಜನ ನಗುವ ಗುರುತು ಒತ್ತಿದರು. ಮಾಸ್ಟರು ಅದನ್ನು ಹತ್ತು ನಿಮಿಷದಲ್ಲಿ ಅಳಿಸಿದರೂ ಅಷ್ಟರಲ್ಲಿ ಒಬ್ಬ ಶಿಕ್ಷಕಿ ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದ್ದರು. ಮೇಡಂ ದೂರು ಕೊಡುವ ಮೊದಲೇ ನಾನು ಫೋನ್ ಮಾಡಿದೆ. “ನಾನು ನೋಡಿದೀನಿ. ನೀವು ಯಾರಿಗೂ ಏನೂ ವಿವರಿಸಬೇಕಾಗಿಲ್ಲ. ವಿಚಾರಣೆ ಬೇಕೋ ಬೇಡವೋ, ನಾಳೆ ಸಂಜೆಯೊಳಗೆ ಹೇಳಿ ಸಾಕು.” ಬೇಕು ಎಂದರು. ಒಂದು ಪ್ಯಾರಾದ ದೂರು ಬರೆದು ಕೊಟ್ಟರು.

ನಿಯಮದ ಪ್ರಕಾರ ದೂರು ಬಂದ 15 ದಿನದೊಳಗೆ ವಿಚಾರಣೆ ಮುಗಿಸಬೇಕು, ವರದಿ ಸಿಕ್ಕ 15 ದಿನದೊಳಗೆ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳಬೇಕು. ನಮ್ಮಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರುಗಳಿಗೆಂದು 2013ರ ಕಾಯ್ದೆಯಂತೆ ಆಂತರಿಕ ಸಮಿತಿಯೂ ಇತ್ತು. ಅದರ ಸದಸ್ಯರೊಬ್ಬರು “ಇವರು ಆ ಕಾಯ್ದೆಯಲ್ಲಿ ಬರ್ತಾರಾ?” ಎಂದು ಚರ್ಚೆ ತೆಗೆದರು. ಆ ಚರ್ಚೆಗೆ ಮೇಡಂ ಅವರ ದೇಹವನ್ನು ಮೇಜಿನ ಮೇಲೆ ಎಳೆದು ತರಲು ನಾನು ಬಿಡಲಿಲ್ಲ. 2019ರ ಕಾಯ್ದೆಯ ದಾರಿ ಸ್ಪಷ್ಟವಿದೆ, ಅದರಲ್ಲೇ ಹೋಗೋಣ ಎಂದೆ.

ವಿಚಾರಣೆ ಹೇಗೆ ಮಾಡಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆ ಶಾಲೆಯವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ಇಬ್ಬರನ್ನೂ ಎದುರುಬದುರು ಕೂರಿಸಲಿಲ್ಲ. ಮೇಡಂ ಹೇಳಿಕೆಯನ್ನು ಒಂದೇ ಸಲ, ಅವರು ಹೇಳಿದ ಜಾಗದಲ್ಲಿ, ಅವರ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಂಡೆ. ಆಪರೇಷನ್ ಆಗಿದೆಯಾ, ಮಾತ್ರೆ ತಗೊಳ್ತೀರಾ ಎಂಬಂಥ ಒಂದು ಪ್ರಶ್ನೆಯೂ ಇಲ್ಲ, ಯಾರಿಗೂ ಕೇಳಲು ಬಿಡಲಿಲ್ಲ. ಆಡಿದ ಮಾತುಗಳನ್ನು ಇದ್ದಂತೆಯೇ ಬರೆದೆ. ಬರೆಯಲು ನನ್ನ ಕೈಯೇ ಹಿಂಜರಿಯುವ ಮಾತುಗಳು. ‘ಅವಾಚ್ಯವಾಗಿ ನಿಂದಿಸಿದರು’ ಎಂದು ಬರೆದರೆ ನಾಳೆ ಯಾರಾದರೂ “ಅಂಥದ್ದೇನೂ ಅಂದಿಲ್ಲ, ತಮಾಷೆಗೆ ಅಂದ್ವಿ” ಎಂದು ತೇಲಿಸಿಬಿಡುತ್ತಾರೆ. ಪ್ರತಿ ಮಾತಿನ ಪಕ್ಕ ದಿನ, ಹೊತ್ತು, ಜಾಗ, ಅಲ್ಲಿದ್ದವರು.

ಅಲ್ಲಿದ್ದವರ ಕಾಲಂ ತುಂಬುವುದೇ ಕಷ್ಟವಾಯಿತು. ಸ್ಟಾಫ್ ರೂಮಿನಲ್ಲಿ ಹದಿನಾಲ್ಕು ಕುರ್ಚಿ ಇದ್ದರೂ ಯಾರೂ ಏನೂ ಕೇಳಿಸಿಕೊಂಡಿರಲಿಲ್ಲ. “ಹೊಟ್ಟೆಗೆ ಹಾಕ್ಕೊಳ್ಳಿ ಮೇಡಂ, ಅವನಿಗೂ ಹೆಂಡ್ತಿ ಮಕ್ಕಳಿದಾರೆ” ಎಂದರು ಹಿರಿಯರೊಬ್ಬರು. ಎಂಟನೆಯ ದಿನ ಟೀ ತರುವ ಆಯಾ ನನ್ನ ಬಾಗಿಲಲ್ಲಿ ನಿಂತರು. “ನಂಗೆ ಸಹಿ ಹಾಕಕ್ಕೆ ಸರ್ಯಾಗ್ ಬರಲ್ಲ. ಹೆಬ್ಬೆಟ್ಟು ನಡಿಯತ್ತಾ?” ನಡೆಯುತ್ತದೆ ಎಂದೆ. ಲೋಟ ಜೋಡಿಸುತ್ತಾ ತಾನು ಕೇಳಿಸಿಕೊಂಡದ್ದನ್ನೆಲ್ಲ, ದಸರಾ ರಜೆ ಮುಗಿದಂದಿನಿಂದ ಹಿಡಿದು, ಒಂದೊಂದಾಗಿ ಹೇಳಿದರು. ಪಿ.ಟಿ. ಮಾಸ್ಟರಷ್ಟೇ ಅಲ್ಲ, ಇನ್ನಿಬ್ಬರ ಮಾತೂ ಬಂತು. ಗುತ್ತಿಗೆಯ ಕೆಲಸ ಅವರದು, ನಾಳೆ ಬರಬೇಡ ಎಂದರೆ ಹೋಗಬೇಕು. ಆದ್ದರಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ದಿನವೇ, ಸಾಕ್ಷಿ ಹೇಳಿದ ಯಾರನ್ನೂ ಆ ವರ್ಷ ಕೆಲಸದಿಂದ ತೆಗೆಯಕೂಡದು ಎಂದು ಕಾರ್ಯದರ್ಶಿಗಳಿಂದ ಬರೆಸಿಕೊಂಡೆ. ಸಾಕ್ಷಿಗೆ ಈ ಕಾಗದ ಮೊದಲೇ ಸಿಕ್ಕಿದ್ದರೆ ಹದಿನಾಲ್ಕು ಕುರ್ಚಿಗಳಲ್ಲಿ ಇನ್ನೂ ಒಂದೆರಡು ಬಾಯಿ ಬಿಡುತ್ತಿದ್ದವು ಎಂದು ನನ್ನ ನಂಬಿಕೆ. ಈಗ ನಮ್ಮ ನೀತಿಯಲ್ಲಿ ಅದು ಮೊದಲೇ ಇದೆ.

ಪಿ.ಟಿ. ಮಾಸ್ಟರಿಗೆ ಒಂದು ಇನ್‌ಕ್ರಿಮೆಂಟ್ ತಡೆ, ಲಿಖಿತ ಎಚ್ಚರಿಕೆ. ಇನ್ನಿಬ್ಬರಿಗೆ ಎಚ್ಚರಿಕೆ. ನಗುವ ಗುರುತು ಒತ್ತಿದ ಹನ್ನೊಂದು ಜನರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿದೆ, ಅದೇ ನನಗೆ ಅತ್ಯಂತ ಬಳಲಿಕೆಯ ಕೆಲಸವಾಗಿತ್ತು. ಪೊಲೀಸ್ ದೂರು ಕೊಡುವ ಹಕ್ಕು ನಿಮಗಿದೆ, ಕೊಟ್ಟರೆ ದಾಖಲೆಯೆಲ್ಲ ನಾನು ಕೊಡುತ್ತೇನೆ ಎಂದು ಮೇಡಂಗೆ ಹೇಳಿದ್ದೆ. ಅವರು ಕೊಡಲಿಲ್ಲ. ಕೊಡಿ ಎಂದೂ ಬೇಡ ಎಂದೂ ನಾನು ಒತ್ತಾಯಿಸಲಿಲ್ಲ. ಮಾಸ್ಟರು ಒಂದು ಸಾಲಿನ ಕ್ಷಮಾಪಣೆ ಬರೆದು ಕೊಟ್ಟರು. ಈವರೆಗೂ ಅವರಿಬ್ಬರ ನಡುವೆ ಮಾತಿಲ್ಲ. ಮಾತು ಬೇಕೆಂದು ನಾನು ಬಯಸುವುದೂ ಇಲ್ಲ, ಅವಮಾನಿಸುವುದು ನಿಂತಿದೆ.

ಪೋಷಕರ ಕಡೆಯಿಂದ ಬಂದದ್ದು ನಾನು ಹೆದರಿದ್ದಷ್ಟು ಇರಲಿಲ್ಲ. ಮೂವರು ಅಪ್ಪಂದಿರು ಒಟ್ಟಿಗೆ ಬಂದಿದ್ದರು. ಮಕ್ಕಳಿಗೆ ಏನು ಹೇಳಿಕೊಡಬೇಕೆಂಬ ಒಳ್ಳೆಯ ಕೈಪಿಡಿ ಏನಾದರೂ ಇದೆಯೇ ಎಂದು ನಾನು ಮೊದಲೇ ಹುಡುಕಿದ್ದೆ. ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರ ಸಂಸ್ಥೆ ಎನ್‌ಸಿಇಆರ್‌ಟಿ 2021ರಲ್ಲಿ ತಂದ ಕೈಪಿಡಿಯನ್ನು ಆಕ್ಷೇಪ ಬಂದ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತ್ತು. ಹಾಗಾಗಿ ಒಂದೇ ವಾಕ್ಯ ಸಿದ್ಧಮಾಡಿ ಎಲ್ಲ ಶಿಕ್ಷಕರಿಗೂ ಕೊಟ್ಟಿದ್ದೆ: “ಅವರ ಪಾಠದ ಬಗ್ಗೆ ಏನು ಬೇಕಾದರೂ ಕೇಳಿ, ಅವರ ಸ್ವಂತ ವಿಷಯ ಹೇಳಲು ನನಗೆ ಅಧಿಕಾರವಿಲ್ಲ.” ಅಪ್ಪಂದಿರಿಗೂ ಅದನ್ನೇ ಹೇಳಿದೆ. ಇಬ್ಬರು ಸುಮ್ಮನಾದರು. ಮೂರನೆಯವರು ಮಗನ ಟಿ.ಸಿ. ಕೇಳಿದರು, ಕೊಟ್ಟೆ. ಒಂದು ಅಡ್ಮಿಷನ್ ಹೋಯಿತು. ಕಾರ್ಯದರ್ಶಿಗಳು ಅದನ್ನು ಎತ್ತಿ ಆಡಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ.

ನನಗೆ ತಡವಾಗಿ ಕಂಡ ಕಿರುಕುಳ ಇನ್ನೊಂದಿತ್ತು. 2022ರ ನವೆಂಬರ್‌ನಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟಿನ ನೆಪ ಹೇಳಿ ಹತ್ತನೆಯ ತರಗತಿಯ ಗಣಿತವನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟಿದ್ದರು. ಮುಖ್ಯೋಪಾಧ್ಯಾಯರು ಹೇಳಿದರು, ಟೈಮ್‌ಟೇಬಲ್ ಬರೆದದ್ದು ನಾನು. ಯಾರೂ ಬೈದಿರಲಿಲ್ಲ, ನಕ್ಕಿರಲಿಲ್ಲ, ಆದ್ದರಿಂದ ಅದು ನನಗೆ ಕಿರುಕುಳದಂತೆ ಕಾಣಲಿಲ್ಲ. ಹಿಂದಿನ ವರ್ಷಗಳ ಗಣಿತದ ರಿಸಲ್ಟನ್ನು ತೆಗೆದು ನೋಡಿದರೆ ಅವರ ಕೈಯಲ್ಲಿ ಫಲಿತಾಂಶ ಏರಿತ್ತೇ ಹೊರತು ಇಳಿದಿರಲಿಲ್ಲ. ಆ ಹಾಳೆಗಳನ್ನು ವರದಿಗೆ ಲಗತ್ತಿಸಿದೆ. 2024ರ ಜೂನ್‌ನಲ್ಲಿ ಹತ್ತನೆಯ ತರಗತಿ ಅವರಿಗೆ ಮರಳಿ ಬಂತು. ಒಂದೂವರೆ ವರ್ಷ ಹೋದದ್ದು ಹೋಯಿತು.

2025ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದ ದಿನ ಮೇಡಂ ಫೋನ್ ಹಿಡಿದು ಓಡಿಬಂದರು. ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಕಳೆದುಕೊಂಡು, ಗುಜರಾತಿನ ಇನ್ನೊಂದರಲ್ಲಿ ಆಯ್ಕೆಯಾದ ಮೇಲೂ ಕೆಲಸಕ್ಕೆ ಸೇರಿಸಿಕೊಳ್ಳಲ್ಪಡದ ಟ್ರಾನ್ಸ್ ಶಿಕ್ಷಕಿ ಜೇನ್ ಕೌಶಿಕ್ ಅವರ ಪ್ರಕರಣ. ಕೋರ್ಟು ಪರಿಹಾರ ಕೊಡಿಸಿತು, ಸಮಾನ ಅವಕಾಶದ ನೀತಿ ರೂಪಿಸಲು ದೆಹಲಿ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಅದನ್ನು ಓದುವಾಗ ನಮ್ಮ ನೀತಿಯಲ್ಲಿ ಒಂದು ಕೊರತೆ ಕಂಡಿತು. ಕೆಲಸಕ್ಕೆ ಸೇರಿದವರ ಬಗ್ಗೆ ಬರೆದಿದ್ದೆವು, ಕೆಲಸ ಕೇಳಿ ಬರುವವರ ಬಗ್ಗೆ ಒಂದಕ್ಷರವಿಲ್ಲ. ಅರ್ಜಿಯ ನಮೂನೆಯನ್ನು ನಾವಿಬ್ಬರೂ ಕೂತು ತಿದ್ದಿದೆವು. ಡೆಮೊ ಕ್ಲಾಸಿಗೆ ಯಾವ ಹೆಸರಿನಿಂದ ಕರೆಯಬೇಕು ಎಂಬ ಕಾಲಂ ಸೇರಿತು, ಮಾರ್ಕ್ಸ್ ಕಾರ್ಡಿನ ಹೆಸರು ಬೇರೆ ಇದ್ದರೆ ಅದನ್ನು ಆಫೀಸಿನಲ್ಲಿ ಒಬ್ಬರೇ ನೋಡಬೇಕು ಎಂದು ಬರೆದೆವು.

ಬರುವ ಮೇ ತಿಂಗಳಿಗೆ ನನಗೆ ನಿವೃತ್ತಿ. ಹಳೆಯ ಆದೇಶದಲ್ಲಿ ನನ್ನ ಹೆಸರಿತ್ತು, ನಾನು ಹೋದರೆ ಹುದ್ದೆಯೂ ಹೋಗುತ್ತಿತ್ತು. ಹೊಸ ಆದೇಶದಲ್ಲಿ ಹುದ್ದೆಯ ಹೆಸರು ಹಾಕಿಸಿದ್ದೇನೆ, ಜೊತೆಗೆ ಇನ್ನೊಬ್ಬರು ಇರಬೇಕು ಎಂದೂ. ಅಂದು ಸ್ಕ್ರೀನ್‌ಶಾಟ್ ಕಳಿಸಿದ ಶಿಕ್ಷಕಿ ಒಪ್ಪಿಕೊಂಡಿದ್ದಾರೆ. ಕಳೆದ ವಾರ ಬೀರುವಿನ ಬೀಗದ ಕೈ ಕೊಟ್ಟು ಪುಸ್ತಕವನ್ನು ಅವರ ಮುಂದಿಟ್ಟೆ. ಮೊದಲ ಪುಟ ಓದಿ ಅವರು ತಲೆಯೆತ್ತಿ ನನ್ನನ್ನು ನೋಡಿದರು. “ಅಲ್ಲಿಂದಲೇ ಓದ್ಕೊಂಡು ಬನ್ನಿ” ಎಂದೆ.